ಹದಕ್ಕೆ ಬಂದ ಇಂಜಿನ್

ಲೊಡಲೊಡ, ಲೊಡಲೊಡ, ಆಮೇಲೆ ಏನೂ ಇಲ್ಲ! ಆ 'ಏನೂ ಇಲ್ಲ' ಇವತ್ತಿಗೂ ನನ್ನ ಕಿವಿಯಲ್ಲಿದೆ.

ಭೂಮಿಯ ಮೇಲೆ ನಮ್ಮ ಭಾವನಷ್ಟು ಸೇಫ್ ಮನುಷ್ಯ ಇನ್ನೊಬ್ಬರಿರಲಿಲ್ಲ. ತೊಂದರೆಯೆಲ್ಲ ಅವರು ಭೂಮಿ ಬಿಟ್ಟ ಮೇಲೆ! ಅಕ್ಕನ ಗಂಡ, ಅರಸೀಕೆರೆಯ ಕೊಬ್ಬರಿ ವ್ಯಾಪಾರಿ. ಅರವತ್ತು ದಾಟಿದ ಮೇಲೆ ಲೈಸೆನ್ಸ್ ಪಡೆದು ಎರಡು ಸೀಟಿನ ವಿಮಾನ ಕೊಂಡು ತಂದರು. ಸ್ಕೂಟರಿಗೆ ರೆಕ್ಕೆ ಮೂಡಿದಂಥದ್ದು. ಅದರ ವಾಸ ಕೊಬ್ಬರಿ ಗೋಡೌನಿನಲ್ಲಿ. ಅಕ್ಕ ಗೊಣಗುತ್ತಿದ್ದಳು: "ರೀ, ಅದನ್ನ ಮಾರಿ ವಾಷಿಂಗ್ ಮೆಷಿನ್ ತನ್ನಿ. ಅದೂ ಗಿರಗಿರ ಅಂತ ಸುತ್ತುತ್ತೆ!"

ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ತೆಂಗಿನಕಾಯನ್ನು ಭಾವ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳಗೆ ಲೊಡಲೊಡ ಎಂದರೆ ಕೊಬ್ಬರಿ ಹದಕ್ಕೆ ಬಂತು ಎಂದರ್ಥ. ಕಾಯಿಗಾದರೆ ಸರಿ, ಅಳಿಯನ ಕಾರು ಲೊಡಲೊಡ ಎಂದರೂ ಅದೇ ಟೆಸ್ಟ್ ಮಾಡುವುದೇ?

ಹಳೇಬೀಡಿನ ಗುಡಿ ಮೇಲಿನಿಂದ ನೋಡಿದರೆ ಸ್ಟಾರ್ ಶೇಪ್ ಎಂದು ನಾನು ಚಿಕ್ಕವಳಿದ್ದಾಗ ಕಾನ್ವೆಂಟಿನ ಸಿಸ್ಟರ್ ಹೇಳಿದ್ದರು. ಅದೊಂದು ನೋಡಿಬಿಟ್ಟರೆ ಸಾಕು ಎಂದು ಒಂದು ದಿನ ಭಾವನ ಮುಂದೆ ಬಾಯಿತಪ್ಪಿ ಅಂದೆ.

"ಹತ್ತಮ್ಮ!" ಎಂದರು ಭಾವ.

ಹಾರನಹಳ್ಳಿ ಮೇಲೆ ಬರುತ್ತಿದ್ದಂತೆ ಶುರುವಾಯಿತು, ಲೊಡಲೊಡ.

"ಭಾವ, ಏನಿದು ಸದ್ದು?"

"ಹೆದರ್ಬೇಡ ಕಣಮ್ಮ, ಇಂಜಿನ್ ಈಗ ಹದಕ್ಕೆ ಬಂತು!"

ಹದ ಮೀರಿತೇನೋ, ನಿಂತೇ ಹೋಯಿತು. ನಾನು ಸ್ಕೂಲಿನ ಪ್ರೇಯರ್ ಹಿಡಿದೆ.

"ಕನ್ನಡದಲ್ಲಿ ಬೇಡ್ಕೋ, ಈ ಕಡೆ ದೇವರಿಗೆ ಇಂಗ್ಲಿಷ್ ಬರಲ್ಲ!"

ಹಾಗೆನ್ನುತ್ತಲೇ ಕೊಯ್ಲಾದ ಹೊಲವೊಂದನ್ನು ಹುಡುಕಿ, ಮೆಲ್ಲಗೆ ಇಳಿಸಿ, ಒಬ್ಬರ ರಾಗಿ ಮೆದೆಗೆ ಮೂಗು ತೂರಿಸಿ ನಿಲ್ಲಿಸಿದರು. ಹೊಲದ ಯಜಮಾನರು ಓಡಿ ಬಂದರು.

"ಯಾಕ್ ಸ್ವಾಮಿ, ರೋಡು ಚೆನ್ನಾಗೇ ಐತಲ್ಲ?"

ಭಾವ ಪಂಚೆ ಕೊಡವಿಕೊಂಡು ಕೇಳಿದರು: "ಹಳೇಬೀಡಿಗೆ ಬಸ್ ಎಷ್ಟೊತ್ತಿಗೈತೆ, ಗೌಡ್ರೇ?"

ಬಸ್ಸಿನಲ್ಲೇ ಹೋದೆವು! ಗುಡಿಯ ಜಗಲಿಯ ಒಂದೊಂದು ಮೂಲೆಯನ್ನೂ ಕೈಹಿಡಿದು ಸುತ್ತಿಸಿದರು. ನನಗೆ ಮಂಡಿ ನೋವು, ಅವರಿಗೆ ಅದರ ಪರಿವೆಯೇ ಇಲ್ಲ. "ಈಗ ಕಣ್ಮುಚ್ಚು. ಕಾಲು ತಿರುಗಿದ ಹಾಗೇ ಮನಸ್ಸೂ ತಿರುಗ್ಲಿ. ಕಾಣ್ತೈತಾ?"

ಕಂಡಿತು. ಪರ್ಫೆಕ್ಟ್ ಸ್ಟಾರ್.

ಹೋದ ವರ್ಷ ಆಸ್ಪತ್ರೆಗೆ ನೋಡಲು ಹೋದೆ. ಉಸಿರೆಳೆದಾಗಲೆಲ್ಲ ಭಾವನ ಎದೆಯೊಳಗೆ ಅದೇ ಸದ್ದು.

"ಕೇಳಮ್ಮ," ಕಣ್ಣು ಮಿಟುಕಿಸಿದರು. "ಹದಕ್ಕೆ ಬಂತು."

ನಾನು ಬಾಗಿ, ಬಹಳ ಹೊತ್ತು ಕಿವಿಗೊಟ್ಟೆ.

"ಇಲ್ಲ ಭಾವ. ಇನ್ನೂ ಎಳನೀರು."

ಅವರು ಕೆಮ್ಮುತ್ತಲೇ ನಕ್ಕರು. "ನಿಂಗೆ ಕಾಯಿ ನೋಡಕ್ಕೆ ಬರಲ್ಲ ಕಣಮ್ಮ" ಎಂದರು.

ನಾನು ಅವರನ್ನು ನೋಡಿದ್ದು ಅದೇ ಕೊನೆ.