ಗುಂಗುರು ಕೂದಲಿನ ಕ್ಯಾಪ್ಟನ್

ಅತ್ತೆ ಸ್ನಾನಕ್ಕೆ ಹೋಗಿ ಬಾಗಿಲು ಹಾಕಿಕೊಂಡದ್ದೇ ಆ ಶನಿವಾರದ ಅನಾಹುತಕ್ಕೆಲ್ಲ ಮೂಲ. ಅಳಿಯ ಊಟದ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಚ್ಚಲಿನ ಮುಂದೆ ನಿಂತಿದ್ದ.

“ಅತ್ತೆ, ಇವತ್ತು ಕ್ಯಾಪ್ಟನ್ ಯಾರು ಅಂತ ಹೇಳ್ಬಿಡಿ, ನಾನು ಹೊರಟೆ.”

“ತಲೆಗೆ ನೀರು ಹಾಕ್ಕೊಂಡಿದ್ದೀನಿ. ಆಮೇಲೆ ಹೇಳ್ತೀನಿ.”

“ಒಂದೇ ಒಂದು ಮಾತು, ಅತ್ತೆ!”

“ಬಾಯಿ ತೆಗೆದ್ರೆ ಸೋಪು ಒಳಗೆ ಹೋಗುತ್ತೆ, ಅಳಿಯಂದ್ರೇ!”

ಅತ್ತೆಗಾಗಿ ಅಳಿಯ ಕಾಯಬಹುದು, ಬಸ್ಸು ಕಾಯುವುದಿಲ್ಲ. ಹೊರಟೇಬಿಟ್ಟ.

ಅವನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವನು. ಬಹಳ ವರ್ಷ ಅವನಿಗೆ ಅಂಗಡಿಯಲ್ಲಿ ಹೆಸರೇ ಇರಲಿಲ್ಲ. ಬೇಕಾದಾಗ “ಒಳಗಿನೋರೇ” ಅಂತ ಕೂಗುತ್ತಿದ್ದರು, ಅಷ್ಟೆ. ಈ ವರ್ಷ ಅವನ ದೆಸೆ ತಿರುಗಿತ್ತು. ಈಗ ಎಲ್ಲರ ಬಾಯಲ್ಲೂ ಅವನು ‘ಕೋಚ್’. ಯಜಮಾನರು ಕುರ್ಚಿ ಎಳೆದು ಕೊಡುತ್ತಿದ್ದರು. ಕಣ್ಣು ಪರೀಕ್ಷೆ ಮಾಡುವವ, ಎಲ್ಲರೂ ತಮಾಷೆಗೆ ‘ಡಾಕ್ಟ್ರು’ ಅನ್ನುವವ, ಅವನ ಮಾತಿಗೆ ಬಾಯಿ ಬಿಟ್ಟುಕೊಂಡು ಕೂರುತ್ತಿದ್ದ.

ಇದಕ್ಕೆಲ್ಲ ಕಾರಣ ಫೋನಿನಲ್ಲಿ ಆಡುವ ಫುಟ್‌ಬಾಲ್ ಆಟ. ನಿಜವಾದ ಆಟಗಾರರಲ್ಲಿ ಹನ್ನೊಂದು ಮಂದಿಯನ್ನು ತಂಡಕ್ಕೆ, ಕೆಲವರನ್ನು ಬೆಂಚಿಗೆ ಆರಿಸಬೇಕು. ತಂಡದವರು ನಿಜದ ಪಂದ್ಯದಲ್ಲಿ ಗೋಲು ಹೊಡೆದರೆ ನಮಗೆ ಅಂಕ. ಬೆಂಚಿನ ಮೇಲೆ ಕೂತವರದು ಲೆಕ್ಕಕ್ಕಿಲ್ಲ. ಕ್ಯಾಪ್ಟನ್ ಮಾಡಿದವನಿಗೆ ಎರಡು ಪಟ್ಟು. ಅವನು ಕೆಟ್ಟದಾಗಿ ಆಡಿದರೆ ಕಳೆಯುವುದೂ ಎರಡು ಪಟ್ಟು. ಎದುರುಗಡೆಯ ಚಪ್ಪಲಿ ಅಂಗಡಿಯವರಿಗೂ ಇವರಿಗೂ ಪಂತ ಬಿದ್ದಿತ್ತು: ಕೊನೆಗೆ ಸೋತವರು ಇಡೀ ಬೀದಿಯ ಎದುರು ಗೆದ್ದವರ ಅಂಗಡಿಯ ಗಾಜು ಒರೆಸಬೇಕು. ಇಂದು ಕೊನೆಯ ಶನಿವಾರ. ಇವರು ಕೂದಲೆಳೆಯಷ್ಟು ಹಿಂದಿದ್ದರು.

ಯಾರಿಗೂ ಗೊತ್ತಿಲ್ಲದ ವಿಷಯವೆಂದರೆ, ಕೋಚ್‌ಗೆ ಫುಟ್‌ಬಾಲಿನ ಗಂಧಗಾಳಿ ಇರಲಿಲ್ಲ. ಗೊತ್ತಿದ್ದದ್ದು ಅತ್ತೆಗೆ. ಅವರು ಕಾಲು ಮುರಿದುಕೊಂಡು ಮಲಗಿದ್ದಾಗ ರಿಮೋಟ್ ಮಂಚದ ಕೆಳಗೆ ಬಿದ್ದುಹೋಗಿ, ಟೀವಿ ಫುಟ್‌ಬಾಲ್ ಚಾನೆಲ್ಲಿನಲ್ಲೇ ಉಳಿದುಬಿಟ್ಟಿತ್ತು. ಮೂಳೆ ಕೂಡಿಕೊಳ್ಳುವಷ್ಟರಲ್ಲಿ ಅತ್ತೆ ಪಂಡಿತೆಯಾಗಿದ್ದರು. ಆಟಗಾರರ ಹೆಸರು ನಾಲಿಗೆಗೆ ಹೊರಳದು. ಬೋಳುತಲೆಯವನು, ಉಗುರು ಕಚ್ಚುವವನು, ಗುಂಗುರು ಕೂದಲಿನವನು ಎಂದೇ ಲೆಕ್ಕ. ಅವರು ಹೇಳಿದ್ದನ್ನು ಅಳಿಯ ಅಂಗಡಿಯಲ್ಲಿ ಗಲ್ಲ ಕೆರೆದುಕೊಂಡು, ಬಹಳ ಯೋಚಿಸಿದವನ ಹಾಗೆ ಹೇಳುತ್ತಿದ್ದ. ನಾಚಿಕೆಯಾಗುತ್ತಿರಲಿಲ್ಲವೇ? ಆಗುತ್ತಿತ್ತು. ಆದರೆ ಕುರ್ಚಿ ಎಳೆದು ಕೊಡುವವರಿದ್ದಾಗ ಎದ್ದು ನಿಲ್ಲುವುದು ಕಷ್ಟ.

ಅಂಗಡಿಗೆ ಕಾಲಿಟ್ಟದ್ದೇ ತಡ, ಎಲ್ಲರೂ ಮುತ್ತಿಕೊಂಡರು.

“ಕೋಚ್, ಮಾನ ನಿಮ್ಮ ಕೈಯಲ್ಲಿದೆ. ನಾನು ಬಕೆಟ್ ಹಿಡ್ಕೊಂಡು ಆ ಚಪ್ಪಲಿಯವನ ಬಾಗಿಲಿಗೆ ಹೋಗೋ ಹಾಗೆ ಮಾಡ್ಬೇಡಿ,” ಎಂದರು ಯಜಮಾನರು.

“ಒಬ್ರಿಗೆ ಫೋನ್ ಮಾಡಿ ಖಚಿತ ಮಾಡ್ಕೋಬೇಕು, ಸಾರ್. ಒಳಗಿನ ಸುದ್ದಿ,” ಎಂದ ಅವನು.

“ನೋಡಿ, ಒಳಗಿನ ಸುದ್ದಿಯಂತೆ!” ಎಂದು ಡಾಕ್ಟ್ರು ಗಲ್ಲಾಪೆಟ್ಟಿಗೆಯ ಅಕ್ಕನಿಗೆ ಕಣ್ಣು ಹೊಡೆದ.

ಹಿಂದಿನ ಕೋಣೆಗೆ ಹೋಗಿ, ಮಾತು ಹೊರಗೆ ಕೇಳಿಸಬಾರದೆಂದು ಗಾಜು ಉಜ್ಜುವ ಯಂತ್ರ ಚಾಲೂ ಮಾಡಿ ಫೋನ್ ಹಚ್ಚಿದ. ಹೊರಗಿನವರಿಗೆ ಕೇಳಿಸದಿರಲೆಂದು ಮಾಡಿದ್ದು, ಅವನಿಗೂ ಕೇಳಿಸದ ಹಾಗಾಯಿತು.

“ಹಲೋ ಸಾರ್, ಇವತ್ತು ಯಾರನ್ನ—”

“ಯಾವ ಸಾರು? ನಾನು ಅತ್ತೆ ಕಣ್ರೀ!”

“ಗೊತ್ತು ಸಾರ್. ಕ್ಯಾಪ್ಟನ್ ವಿಷಯ.”

“ಮೊದ್ಲು ಆ ಗುಂಗುರು ಕೂದಲಿನವನನ್ನ ಕೂರಿಸಿಬಿಡಿ!”

“ಕೂರಿಸ್ಲಾ?”

“ಕಣ್ಣು ಮುಚ್ಕೊಂಡು ಕೂರಿಸಿ! ಆಮೇಲೆ...”

ಅಷ್ಟರಲ್ಲಿ ಯಜಮಾನರ ತಲೆ ಬಾಗಿಲಲ್ಲಿ ಕಾಣಿಸಿತು. “ಥ್ಯಾಂಕ್ಯೂ ಸಾರ್,” ಎಂದು ಅವನು ಫೋನ್ ಇಟ್ಟುಬಿಟ್ಟ.

ದಿನವಿಡೀ ಗಾಜು ಕೂರಿಸುವವನಿಗೆ ಕೂರಿಸುವುದೆಂದರೆ ಸಲ್ಲಬೇಕಾದ ಜಾಗಕ್ಕೆ ಸೇರಿಸುವುದು ಎಂದೇ ಅರ್ಥ. ಅಲ್ಲದೆ ಕೇಳಿದ್ದು ಕ್ಯಾಪ್ಟನ್ ವಿಷಯ. ಪಟ್ಟಕ್ಕೆ ಕೂರಿಸುತ್ತಾರೆಯೇ ಹೊರತು ಮತ್ತೇನು ಮಾಡುತ್ತಾರೆ? ಗಲ್ಲ ಕೆರೆದುಕೊಂಡು ಹೊರಗೆ ಬಂದು, “ಗುಂಗುರು ಕೂದಲಿನವನು,” ಎಂದು ಘೋಷಿಸಿದ.

“ಅವನು ಒಂದು ತಿಂಗಳಿಂದ ಗೋಲೇ ಹೊಡೆದಿಲ್ವಲ್ಲ!” ಎಂದಳು ಅಕ್ಕ.

“ಅದಕ್ಕೇ ಅವರು ಕೋಚ್, ನೀವು ಗಲ್ಲಾಪೆಟ್ಟಿಗೆ,” ಎಂದ ಡಾಕ್ಟ್ರು. ಟೀ ತರುತ್ತೇನೆಂದು ಹೊರಗೆ ಹೋದವನು ಬಹಳ ಹೊತ್ತು ಬರಲಿಲ್ಲ. ಅವನ ಹೊಟ್ಟೆಯಲ್ಲಿ ಟೀ ನಿಲ್ಲುತ್ತಿತ್ತೇ ಹೊರತು ಗುಟ್ಟು ನಿಲ್ಲುತ್ತಿರಲಿಲ್ಲ.

ಸಂಜೆ ಕೊನೆಯ ಪಂದ್ಯಕ್ಕೆ ಗೋಡೆಯ ಟೀವಿಯ ಮುಂದೆ ಅಂಗಡಿಯೇ ನೆರೆಯಿತು. ಕನ್ನಡಕ ಕೊಳ್ಳಲು ಬಂದಿದ್ದ ಮುದುಕರೊಬ್ಬರು ಪರೀಕ್ಷೆಯ ಕುರ್ಚಿಯಲ್ಲೇ ಒಂದು ಕಣ್ಣು ಮುಚ್ಚಿಸಿಕೊಂಡು ಕುಳಿತು, ಇನ್ನೊಂದರಲ್ಲಿ ಪಂದ್ಯ ನೋಡತೊಡಗಿದರು. ಪಂದ್ಯ ಶುರುವಾಗಿ ಸ್ವಲ್ಪ ಹೊತ್ತಿಗೆ ಗುಂಗುರು ಕೂದಲಿನವನು ಅದ್ಭುತವಾಗಿ ನೆಗೆದು ಚೆಂಡಿಗೆ ತಲೆ ಕೊಟ್ಟ. ಚೆಂಡು ಗೋಲಿಗೆ ಬಿತ್ತು. ತನ್ನದೇ ಗೋಲಿಗೆ. ಆ ಸಿಟ್ಟಿನಲ್ಲಿ ಎದುರಾಳಿಯ ಮೊಣಕಾಲಿಗೆ ಒದ್ದು, ಕೆಂಪು ಕಾರ್ಡ್ ತಿಂದು ಹೊರನಡೆದ.

ಅಕ್ಕ ತಲೆಯ ಮೇಲೆ ಕೈ ಹೊತ್ತು ಕುಳಿತಳು.

“ಎರಡು ಪಟ್ಟು ಕಳೀತಾರೆ, ಅಲ್ವಾ?” ಎಂದು ಮುದುಕರು ಕೇಳಿದರು.

ಅದೇ ಗಳಿಗೆಗೆ ಅತ್ತೆಯ ಫೋನ್. ಅವನು ಹಿಂದಿನ ಕೋಣೆಗೆ ಓಡಿದ.

“ನೋಡಿದ್ರಾ, ಅಳಿಯಂದ್ರೇ? ಅದಕ್ಕೇ ಕೂರಿಸಿ ಅಂದಿದ್ದು! ಬೆಂಚಿನ ಮೇಲೆ ಕೂರಿಸಿದ್ದಕ್ಕೆ ಬಚಾವಾದಿರಿ. ಹೋದ ವಾರದಿಂದ ಅವನ ಮುಖ ನೋಡ್ತಿದ್ದೀನಿ, ಮನೇಲಿ ಜಗಳ ಆಡ್ಕೊಂಡು ಬಂದೋನ ಥರ ಇದ್ದ.”

“ಬೆಂಚಿನ ಮೇಲೆ,” ಎಂದ ಅವನು. “ಹೂಂ, ಅತ್ತೆ.”

ಹೊರಗೆ ಬಂದಾಗ ಯಜಮಾನರು ಅವನತ್ತ ನೋಡಲಿಲ್ಲ. ಕೋಪದಲ್ಲಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವರು ಸುಮ್ಮನೆ ಮೂಲೆಯ ಬಕೆಟ್ ಎತ್ತಿಕೊಂಡು ಅಂಗಿಯ ತೋಳು ಮಡಚತೊಡಗಿದರು. ಅದನ್ನು ನೋಡಿ ಅವನಿಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಇಷ್ಟು ದಿನ ಆ ಕುರ್ಚಿಯಲ್ಲಿ ಕುಳಿತ ನಾಚಿಕೆಯೆಲ್ಲ ಒಟ್ಟಿಗೆ ಮುಖಕ್ಕೆ ಏರಿತು.

“ಸಾರ್, ನಾನು ಕೋಚೂ ಅಲ್ಲ, ಮಣ್ಣೂ ಅಲ್ಲ. ಎಲ್ಲಾ ಆರಿಸ್ತಿದ್ದಿದ್ದು ನಮ್ಮತ್ತೆ. ಅವರು ಹೇಳ್ತಿದ್ರು, ನಾನು ಬಂದು ನಿಮಗೆ ಹೇಳ್ತಿದ್ದೆ.”

“ಅತ್ತೇನಾ?” ಎಂದ ಡಾಕ್ಟ್ರು.

“ಇವತ್ತಿಂದೂನಾ?” ಎಂದರು ಯಜಮಾನರು.

ಇಲ್ಲಿ ಅವನು ನಿಜ ಹೇಳಬಹುದಿತ್ತು. ಆದರೆ ಒಬ್ಬ ಮನುಷ್ಯ ಒಂದು ಸಂಜೆಯಲ್ಲಿ ಎಷ್ಟು ಅಂತ ನಾಚಿಕೊಂಡಾನು? ಕಳ್ಳ ಅನ್ನಿಸಿಕೊಂಡದ್ದಾಯಿತು, ಪೆದ್ದ ಅಂತಲೂ ಅನ್ನಿಸಿಕೊಳ್ಳುವುದು ಬೇಡ ಎಂದುಕೊಂಡ.

“ಇವತ್ತಿಂದೂ ಅವರದೇ,” ಎಂದ ನೆಲ ನೋಡುತ್ತ. “ಗುಂಗುರು ಕೂದಲಿನವನನ್ನೇ ಕ್ಯಾಪ್ಟನ್ ಮಾಡಿ ಅಂದ್ರು. ನಂದೇನಿಲ್ಲ.”

ಯಜಮಾನರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬಾಗಿಲು ದಡಾರನೆ ತೆರೆದು ಚಪ್ಪಲಿ ಅಂಗಡಿಯವನು ಒಳಗೆ ಬಂದ. ಅವನ ಕೈಯಲ್ಲೂ ಬಕೆಟ್ ಇತ್ತು.

“ಮೋಸ!” ಎಂದು ಕೂಗಿದ. “ನಿಮ್ಮ ಕೋಚ್ ಗುಂಗುರು ಕೂದಲಿನವನನ್ನ ಹಾಕಿದ್ದಾರೆ, ಒಳಗಿನ ಸುದ್ದಿಯಿದೆ ಅಂತ ಈ ಡಾಕ್ಟ್ರೇ ಬಂದು ಹೇಳಿದ್ದು! ಅದನ್ನ ನಂಬಿ ನಾನೂ ಅವನನ್ನೇ ಕ್ಯಾಪ್ಟನ್ ಮಾಡ್ದೆ. ಅಷ್ಟೇ ಅಲ್ಲ, ಮೂರು ಪಟ್ಟಿನ ಅವಕಾಶ ಇರುತ್ತಲ್ಲ, ವರ್ಷಕ್ಕೆ ಒಂದೇ ಸಲ ಬಳಸೋದು, ಅದನ್ನೂ ಅವನ ತಲೆಗೇ ಕಟ್ಟಿದೆ. ನಿಮಗೆ ಕಳೆದಿದ್ದು ಎರಡು ಪಟ್ಟು, ನನಗೆ ಮೂರು! ಮಿಕ್ಕ ಪಂದ್ಯ ಎಲ್ಲಾ ಮುಗಿದಿದೆ, ಇದರಲ್ಲಿ ನಮ್ಮಿಬ್ಬರಿಗೂ ಬೇರೆ ಆಟಗಾರ ಇಲ್ಲ, ನೋಡ್ಕೊಳ್ಳಿ!”

ಅಕ್ಕ ಫೋನು ನೋಡಿದಳು. ಕನ್ನಡಕದ ಅಂಗಡಿ ಒಂದೇ ಒಂದು ಅಂಕದಿಂದ ಮುಂದಿತ್ತು.

ಚಪ್ಪಲಿಯವನು ಬಕೆಟ್ ಕೆಳಗಿಟ್ಟು, ಅಳಿಯನ ಎದುರು ಬಂದು ಕೈ ಚಾಚಿದ. “ಇಂಥಾ ಬಲೆ ಹೆಣೆಯೋ ತಲೆ ನಾನು ಎಲ್ಲೂ ನೋಡಿಲ್ಲ, ಕೋಚ್. ಸೋತಿದ್ದಕ್ಕೂ ಬೇಜಾರಿಲ್ಲ.”

ಅವನ ಕೈ ತಾನಾಗಿಯೇ ಅರ್ಧ ಮೇಲೆದ್ದಿತು. ಇಡೀ ವರ್ಷದಲ್ಲಿ ಅವನು ಸ್ವಂತವಾಗಿ ಮಾಡಿದ್ದು ಈ ಕ್ಯಾಪ್ಟನ್ ಆಯ್ಕೆಯೊಂದೇ.

“ತಡೀರಿ, ತಡೀರಿ,” ಎಂದು ಯಜಮಾನರು ನಡುವೆ ನುಗ್ಗಿದರು. ಅವರ ಮುಖ ಅರಳಿತ್ತು. “ಆ ತಲೆ ಇವರದಲ್ಲ, ಇವರ ಅತ್ತೆಯದು! ಈಗ ತಾನೇ ಒಪ್ಕೊಂಡ್ರು. ರೀ ಒಳಗಿನೋರೇ, ಅವರಿಗೆ ಫೋನ್ ಹಚ್ಚಿ. ಸ್ಪೀಕರ್ ಹಾಕಿ.”

“ಸಾರ್, ಅದು ಏನಾಯ್ತು ಅಂದ್ರೆ...”

“ಹಚ್ಚಿ ಅಂದೆ!”

ಫೋನು ಮೇಜಿನ ನಡುವೆ ಕುಳಿತಿತು. ಯಜಮಾನರು ಬಗ್ಗಿ ಕೈ ಮುಗಿದರು. “ಅಮ್ಮಾ, ಗುಂಗುರು ಕೂದಲಿನವನನ್ನ ಕ್ಯಾಪ್ಟನ್ ಮಾಡಿಸಿ ನಮ್ಮ ಮಾನ ಉಳಿಸಿದ್ರಿ. ಎದುರಿನವನೂ ಅವನನ್ನೇ ಹಾಕ್ಕೊಂಡು ಮುಳುಗಿದ!”

ಆ ಕಡೆ ಸದ್ದಿಲ್ಲ. ಅತ್ತೆ ಯೋಚಿಸುತ್ತಿದ್ದಾರೆ ಎಂದು ಅವನೊಬ್ಬನಿಗೇ ಗೊತ್ತಾಯಿತು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.

“ಕ್ಯಾಪ್ಟನ್ ಮಾಡಿದ್ರಾ ಅವನನ್ನ?” ಎಂದರು ಅತ್ತೆ ನಿಧಾನವಾಗಿ. “ನಾನೇ ಹೇಳಿದ್ದು ಅಂದ್ರಾ?”

“ಹೌದಮ್ಮ!”

“ಹೂಂ, ಮತ್ತೆ. ನಾನೇ ಹೇಳಿದ್ದು,” ಎಂದರು ಅತ್ತೆ. “ನಮ್ಮ ಅಳಿಯಂದ್ರದ್ದು ಅದೊಂದು ಒಳ್ಳೇ ಗುಣ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾರೆ. ಸ್ವಂತ ಬುದ್ಧಿ ಅಂತ ಒಂಚೂರೂ ಉಪಯೋಗಿಸಲ್ಲ. ಅಲ್ವೇನ್ರೀ, ಅಳಿಯಂದ್ರೇ?”

ಎಲ್ಲರೂ ಅವನ ಕಡೆ ತಿರುಗಿದರು. ಮುದುಕರು ಸಹ ಮುಚ್ಚಿದ್ದ ಕಣ್ಣನ್ನು ತೆರೆದು ನೋಡಿದರು.

“ಹೌದು, ಅತ್ತೆ,” ಎಂದ ಅವನು.