ನಂಬರ್ ಎಂಬತ್ತೇಳರ ಮೆಟ್ಟುಕತ್ತಿ

ಸಾಯುವವರು ಆಸ್ತಿ ಬಿಟ್ಟುಹೋಗುತ್ತಾರೆ. ಬಸ್ರೂರಿನ ಗುಲಾಬಿ ಅತ್ತೆ ಭೋಜರಾಜನಿಗೆ ಕೆಲಸ ಬಿಟ್ಟುಹೋದರು. ಮನೆ ಮಾರಿ ಬಂದದ್ದನ್ನು ತನ್ನ ಮೂವರು ಮಕ್ಕಳಿಗೆ ಹಂಚುವ ಹೊಣೆ ಅಣ್ಣನ ಮಗ ಭೋಜರಾಜನದು ಎಂದು ಉಯಿಲಿನಲ್ಲಿ ಬರೆಸಿದ್ದರು. ಮಕ್ಕಳು ಮೂವರೂ ಬಾಳೆಹಣ್ಣನ್ನು ಅಳತೆಪಟ್ಟಿ ಇಟ್ಟು ಹಂಚಿಕೊಳ್ಳುವವರು. ಭೋಜರಾಜನೋ, ಕಂಡಕ್ಟರ್ ಮರೆತರೆ ತಾನೇ ಎದ್ದುಹೋಗಿ ಟಿಕೆಟ್ ಕೇಳುವವನು. (ಇಳಿದ ಮೇಲೂ ಆ ಟಿಕೆಟನ್ನು ಒಂದು ವಾರ ಪರ್ಸಿನಲ್ಲಿ ಇಟ್ಟುಕೊಳ್ಳುವವನು.)

ಸತ್ತವರ ಸೊತ್ತಿನಲ್ಲಿ ಸೂಜಿಯೂ ಆಚೀಚೆ ಆಗಬಾರದೆಂದು ವಕೀಲರು ಹೇಳಿದ್ದೇ ತಡ, ಕುಂದಾಪುರದಿಂದ ಅಂಟುಚೀಟಿ ಬಂತು. ಮಣೆ, ಹಂಡೆ, ಒನಕೆ ಎಲ್ಲಕ್ಕೂ ನಂಬರ್ ಬಿತ್ತು. ಕಾಲು ಮುರಿದ ಕುರ್ಚಿಗೂ ನಿಂತ ಗಡಿಯಾರಕ್ಕೂ ಇನ್ನೊಂದು ಸಾಲು: "ಇದ್ದ ಹಾಗೇ ಕೊಡಲಾಗುವುದು. ಮರಳಿ ತರತಕ್ಕದ್ದಲ್ಲ."

ಹೆಂಡತಿ ಸುಪ್ರೀತಾ ಮೂರು ದಿನ ಜೊತೆಗೆ ಬಂದು ಧೂಳು ಹೊಡೆದಳು, ಅಲ್ಲೇ ಅಡುಗೆಯನ್ನೂ ಮಾಡಿದಳು. ಅತ್ತೆಯ ಪಾತ್ರೆ ಪಡಗ ಮುಟ್ಟಲು ಗಂಡ ಬಿಡಬೇಕಲ್ಲ! ಕಾಲಲ್ಲಿ ಮೆಟ್ಟಿ ಮೀನು ಕೊಯ್ಯುವ ಮೆಟ್ಟುಕತ್ತಿಯನ್ನೂ ಮನೆಯಿಂದಲೇ ಹೊತ್ತು ತಂದಿದ್ದಳು. ಅವಳ ಅಮ್ಮ ಕೊಟ್ಟ ಕತ್ತಿ. ಅದನ್ನು ಕಂಡರೆ ಬಂಗುಡೆ ತಾನಾಗಿಯೇ ಎರಡಾಗುತ್ತಿತ್ತು. ಕೊನೆಯ ದಿನ ಅದನ್ನು ತೊಳೆದು ಒಲೆಯ ಬದಿಗಿಟ್ಟು ಬಾವಿಕಟ್ಟೆಗೆ ಹೋಗಿ ಬರುವಷ್ಟರಲ್ಲಿ, ಅದು ನಂಬರ್ ಎಂಬತ್ತೇಳಾಗಿತ್ತು.

"ಹ್ವಾಯ್, ಅದ್ ನಂದ್ ಮರಾಯ್ರೆ!"

"ಪಟ್ಟಿ ಫೋನಂಗೆ ಮೂರೂ ಜನ್ರಿಗೆ ಕಳ್ಸಿ ಆಯ್ತಲೆ ಹೆಣೆ. ಈಗ ಒಂದ್ ಕಮ್ಮಿ ಆದ್ರೆ ನಾನೇ ಕದ್ದದ್ ಅಂತ್ರ್. ನಿಂದಂಬುಕೆ ದಾಖಲೆ ಎಂತ ಇತ್ತ್?"

"ಹದ್ನೆಂಟ್ ವರ್ಷ ನೀವ್ ತಿಂದ ಮೀನೇ ದಾಖಲೆ!"

"ತಿಂದದ್ದೆಲ್ಲ ದಾಖಲೆ ಆತಿಲ್ಲೆ."

ಮುಂಬೈಯಲ್ಲಿ ಹೋಟೆಲ್ ಇಟ್ಟಿದ್ದ ರಾಜೇಂದ್ರ ಕೊಳ್ಳಲೆಂದು ಮನೆ ನೋಡಲು ಬಂದಾಗಲೂ ಭೋಜರಾಜ ಬಾಯಿ ಮುಚ್ಚಲಿಲ್ಲ. ಮಾಡು ಸೋರುತ್ತದೆ, ಏಪ್ರಿಲಿನಲ್ಲಿ ಬಾವಿಯ ನೀರು ಉಪ್ಪಾಗುತ್ತದೆ ಎಂದು ಕೇಳುವ ಮೊದಲೇ ಹೇಳಿದ. ಸುಪ್ರೀತಾ ಹಿಂದಿನಿಂದ ಚಿವುಟಿದಳು, ಚಿವುಟಿದ್ದನ್ನೂ ಹೇಳಿದ. ರಾಜೇಂದ್ರ ಖುಷಿಯಾಗಿ ಸಾಮಾನು ಸಮೇತ ಮನೆ ಕೊಂಡ. ನೋಂದಣಿ ಮುಗಿದು ಬೀಗದಕೈ ಕೊಟ್ಟ ದಿನ, ಅಷ್ಟು ಸಾಮಾನಿನಲ್ಲಿ ಅವನು ಕೈಗೆತ್ತಿಕೊಂಡದ್ದು ಒಂದನ್ನೇ.

"ಇಂಥ ಮೆಟ್ಟುಕತ್ತಿ ಮುಂಬೈಯಂಗೆ ಸಿಕ್ಕುದಿಲ್ಲೆ. ಹೋಟ್ಲಿಗೆ ತಕಂಡ್ ಹೋತೆ."

ಸುಪ್ರೀತಾ ಉಳಿದ ಅಂಟುಚೀಟಿಗಳನ್ನೆಲ್ಲ ಬಾಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೊರಟಳು. ಭೋಜರಾಜ ಅದನ್ನು ಒಪ್ಪಿಗೆ ಎಂದುಕೊಂಡ.

ಸಂಜೆ ಧರ್ಮರಾಯನ ಗತ್ತಿನಲ್ಲಿ ಮನೆಗೆ ಬಂದು ಕುರ್ಚಿಯಲ್ಲಿ ಕೂರಲು ಹೋದರೆ, ಅದರ ಮೇಲೊಂದು ಅಂಟುಚೀಟಿ: ನಂಬರ್ ಒಂದು, ತವರಿನ ಸೊತ್ತು. ಮಂಚ ಎರಡು, ಫ್ಯಾನು ಮೂರು, ಅನ್ನದ ಚರಿಗೆ ಒಂಬತ್ತು. ಎಲ್ಲವೂ ತವರಿನವೇ.

"ಇದೆಂತ ಹೆಣೆ?"

"ಪಟ್ಟಿ. ನಿಮ್ದಂಬುಕೆ ದಾಖಲೆ ಇದ್ರೆ ಕೂಕಣಿ."

ಪರ್ಸು ತಡಕಾಡಿದ. ಬಸ್ಸಿನ ಟಿಕೆಟುಗಳು ಬಿಟ್ಟರೆ ಏನೂ ಸಿಗಲಿಲ್ಲ. ನೆಲದ ಮೇಲೆ ಕೂತು ಬರೀ ಗಂಜಿ ಉಂಡ.

"ಮೀನಿಲ್ಯಾ?"

"ಎಂಬತ್ತೇಳ್ನೇ ನಂಬರ್ ಮುಂಬೈಗ್ ಹೋಯ್ತಲೆ."

ಮರುದಿನ ಬೆಳಿಗ್ಗೆ ಅವನು ಅಂಗಿ ಹಾಕಿಕೊಳ್ಳುವಾಗ ಅವಳು ಅಕ್ಕರೆಯಿಂದ ಬೆನ್ನು ತಟ್ಟಿದಳು. ಮುನಿಸು ಕಳೆಯಿತು ಎಂದುಕೊಂಡ. ಕುಂದಾಪುರದ ಬಸ್ಸಿನಲ್ಲಿ ಅವನನ್ನು ನೋಡಿ ಜನ ನಕ್ಕರು. ತನ್ನ ಪ್ರಾಮಾಣಿಕತೆ ಊರಿಗೆಲ್ಲ ತಿಳಿದಿದೆ ಎಂದು ಅವನೂ ವಿನಯದಿಂದ ನಕ್ಕ. ಇಳಿಯುವಾಗ ಕಂಡಕ್ಟರ್ ಅವನ ಬೆನ್ನಿನಿಂದ ಒಂದು ಚೀಟಿ ಕಿತ್ತು ಕೈಗಿಟ್ಟ. ಭೋಜರಾಜನದೇ ಅಕ್ಷರ:

"ಇದ್ದ ಹಾಗೇ ಕೊಡಲಾಗುವುದು. ಮರಳಿ ತರತಕ್ಕದ್ದಲ್ಲ."