ರಾಗಿ ಸುಂಕು ಮತ್ತು ಒಂದು ಒದ್ದೆ ಬಟ್ಟೆ

ಮನುಷ್ಯನಿಗೆ ತನಗೊಂದು ರೆಪ್ಪೆ ಇದೆ ಎಂಬುದು ನೆನಪಾಗುವುದೇ ಅದು ಉರಿಯಲು ಶುರುವಾದ ಮೇಲೆ. ಐವತ್ಮೂರು ವರ್ಷ ನಾನು ಯಾವ ಯೋಚನೆಯೂ ಇಲ್ಲದೆ ರೆಪ್ಪೆ ಬಡಿದುಕೊಂಡು ಬಂದೆ. ಒಂದು ದಿನವೂ ಅದರ ಯೋಗಕ್ಷೇಮ ವಿಚಾರಿಸಿದವನಲ್ಲ. ನಾನು ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು. ಪ್ರತಿ ವರ್ಷ ಬೋರ್ಡಿನ ಮೇಲೆ ಹಲಸಿನ ಹಣ್ಣಿನಷ್ಟು ದೊಡ್ಡ ಕಣ್ಣು ಬರೆದು, ಕಾರ್ನಿಯಾ, ಲೆನ್ಸು, ರೆಟಿನಾ ಎಂದು ಬಾಣ ಹಾಕಿ ತೋರಿಸುತ್ತೇನೆ. ಸುತ್ತಲಿನ ಚರ್ಮಕ್ಕೆ ಮಾತ್ರ ಒಂದು ಬಾಣವನ್ನೂ ಹಾಕಿದ್ದಿಲ್ಲ. ಆ ಅವಮಾನವನ್ನು ಅದು ಇಷ್ಟು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡಿತ್ತು ಅಂತ ಕಾಣುತ್ತದೆ.

ಈ ವರ್ಷ ನನಗೆ ಕಡೂರಿನಿಂದ ಅಜ್ಜಂಪುರಕ್ಕೆ ವರ್ಗವಾಯಿತು. ಊರಿನ ಅಂಚಿನಲ್ಲಿ ಬಾಡಿಗೆ ಮನೆ ಸಿಕ್ಕಿತು. ಮನೆಯ ಪಕ್ಕದಲ್ಲಿ ಖಾಲಿ ಸೈಟು ಇದ್ದದ್ದು ನೋಡಿ ಗಾಳಿ ಬೆಳಕಿಗೆ ಕೊರತೆಯಿಲ್ಲ ಎಂದು ಹೆಂಡತಿ ಸುಮಿತ್ರಾಳ ಎದುರು ಹೆಮ್ಮೆಪಟ್ಟೆ. ರಾಗಿ ಕೊಯ್ಲು ಮುಗಿಯುತ್ತಿದ್ದ ಹಾಗೆ ಆ ಸೈಟು ಒಕ್ಕಣೆ ಕಣವಾಯಿತು. ಬೆಳಗಿನಿಂದ ಸಂಜೆವರೆಗೆ ಮಿಷನ್ನು ಗರಗರ ಅನ್ನುತ್ತಿತ್ತು, ರಾಗಿ ಒಂದು ಕಡೆ ಬೀಳುತ್ತಿತ್ತು, ಹುಲ್ಲು ಇನ್ನೊಂದು ಕಡೆ, ತೆನೆಯ ಹೊಟ್ಟಿನಿಂದೇಳುವ, ಮೈ ಕಡಿಸುವ ಆ ಸಣ್ಣ ಧೂಳು, ಅದೇ ಸುಂಕು, ನೇರವಾಗಿ ನಮ್ಮ ಮನೆಗೆ. ಮೊದಲ ದಿನ ಸೀನು, ಎರಡನೇ ದಿನ ಕಣ್ಣಲ್ಲಿ ನೀರು. ಒಂದು ವಾರದ ಹೊತ್ತಿಗೆ ಕಣ್ಣಿನ ಸುತ್ತ ಚರ್ಮ ಕೆಂಪಗಾಗಿ, ಸಿಪ್ಪೆ ಎದ್ದು, ಮುಟ್ಟಿದರೆ ಮೆಣಸಿನಕಾಯಿ ಹಚ್ಚಿದ ಹಾಗೆ ಉರಿಯತೊಡಗಿತು. ಮುಟ್ಟದಿದ್ದರೆ ಕಡಿತ, ಮುಟ್ಟಿದರೆ ಉರಿ.

ಇಷ್ಟೇ ಆಗಿದ್ದರೆ ಉರಿದುಕೊಂಡಿರಲಿ ಎಂದು ಬಿಡುತ್ತಿದ್ದೆನೇನೋ. ಆದರೆ ಅಲ್ಲಿಂದ ಮೂರು ವಾರಕ್ಕೆ ಸರಿಯಾಗಿ ಭಾನುವಾರ ಬುಕ್ಕಾಂಬುಧಿಯಲ್ಲಿ ಅಕ್ಕನ ಮನೆಯಲ್ಲಿ ನಮ್ಮ ಅವ್ವನ ವರ್ಷದ ಎಡೆ ಇತ್ತು. ಅಕ್ಕ ನನ್ನ ಜೊತೆ ಮಾತು ಬಿಟ್ಟು ನಾಲ್ಕು ವರ್ಷ. ಅವ್ವ ಹೋದ ದಿನ ನಾನು ಆಂಬ್ಯುಲೆನ್ಸಿಗೆ ಓಡಾಡಿದೆ, ನೆಂಟರಿಗೆಲ್ಲ ಫೋನು ಮಾಡಿದೆ, ಶಾಮಿಯಾನದವನ ಹತ್ತಿರ ಕುರ್ಚಿಗೆ ಜಗಳವಾಡಿದೆ. ಅಳುವುದಕ್ಕೆ ಪುರುಸೊತ್ತು ಸಿಕ್ಕಾಗ ಅಳು ಬರಲಿಲ್ಲ. ಆಮೇಲೆ ಬಂದೀತು ಎಂದುಕೊಂಡೆ, ಆಮೇಲೂ ಬರಲಿಲ್ಲ. ಹನ್ನೊಂದನೇ ದಿನ ಅಕ್ಕ ಎಲ್ಲರ ಎದುರಿಗೇ, "ಅವ್ವ ಸತ್ತು ಮಲಗಿದ್ರೂ ಒಂದು ಹನಿ ಕಣ್ಣೀರು ಬರ್ಲಿಲ್ಲ ಕಣೋ ನಿನಗೆ. ಕಲ್ಲು ನೀನು" ಅಂದಳು. ಅಲ್ಲಿಂದ ಮುಂದೆ ಏನಿದ್ದರೂ ಸುಮಿತ್ರಾಳ ಫೋನಿಗೆ. ವರ್ಷಾವರ್ಷ ಎಡೆಗೆ ಹೋಗುತ್ತೇನೆ, ಅವಳು ಬಡಿಸುತ್ತಾಳೆ, ನಾನು ಉಂಡು ಬರುತ್ತೇನೆ. ಅವಳು ಮಾತು ಬಿಟ್ಟದ್ದಕ್ಕಿಂತ, ಅವಳು ಅಂದದ್ದು ನಿಜವಿರಬಹುದೇ ಎಂಬ ಅನುಮಾನವೇ ನನ್ನನ್ನು ಹೆಚ್ಚು ಕಾಡಿದ್ದು.

ಈಗ ಯೋಚಿಸಿ. ಕಲ್ಲು ಅನ್ನಿಸಿಕೊಂಡವನು ಅವ್ವನ ಫೋಟೋ ಮುಂದೆ ಧಾರಾಕಾರವಾಗಿ ಕಣ್ಣೀರು ಸುರಿಸುತ್ತ ನಿಂತರೆ ಹೇಗೆ? ನೋಡಿದವರು ನಾಟಕ ಅಂದರೆ ಮಾನ ಹೋಯಿತು. ನಿಜವೆಂದು ನಂಬಿ ಅಕ್ಕ ಕರಗಿಬಿಟ್ಟರೆ ಅದು ಇನ್ನೂ ಕಷ್ಟ. ರಾಗಿಯ ದುಡಿಮೆಯನ್ನು ನಾನು ತಿಂದ ಹಾಗೆ. ಆದ್ದರಿಂದ ಎಡೆಯ ಹೊತ್ತಿಗೆ ಕಣ್ಣು ಒಣಗಿರಲೇಬೇಕು ಎಂದು ತೀರ್ಮಾನಿಸಿದೆ.

ಮೆಡಿಕಲ್ ಶಾಪಿನ ನಯಾಜ್ ಸಾಹೇಬರ ಹತ್ತಿರ ಹೋಗಿ ಯಾವುದಾದರೂ ಜೋರಾದ ಕ್ರೀಮು ಕೊಡಿ ಅಂದೆ. ಅವರು ಕನ್ನಡಕ ಹಣೆಗೇರಿಸಿ ನನ್ನ ಮುಖ ನೋಡಿದರು. "ಮೇಷ್ಟ್ರೇ, ಕಣ್ಣಿನ ಹತ್ರ ಜೋರಾದ್ದು ಹಚ್ಚೋ ಹಂಗಿಲ್ಲ. ಡಾಕ್ಟ್ರು ಬರ್ಕೊಡದೆ ನಾನು ಕೊಡಲ್ಲ. ತಣ್ಣೀರಲ್ಲಿ ಮುಖ ತೊಳೀರಿ, ಒದ್ದೆ ಬಟ್ಟೆ ಇಟ್ಕೊಳ್ಳಿ, ಉಜ್ಜಬೇಡಿ. ಅಷ್ಟೇ ಕಣ್ರೀ." ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವನಿಗೆ ಒದ್ದೆ ಬಟ್ಟೆ! ಇಷ್ಟು ಸರಳವಾದ ಪರಿಹಾರದ ಮೇಲೆ ನನಗೆ ನಂಬಿಕೆ ಹುಟ್ಟಲಿಲ್ಲ. ಇನ್ನೂರು ಪುಟದ ನೋಟ್‌ಬುಕ್ಕು ಕೊಂಡು, ಗೆರೆ ಎಳೆದು, ಪ್ರಯೋಗ, ಉರಿ, ಕಣ್ಣೀರು, ಕಾರಣ ಎಂದು ನಾಲ್ಕು ಕಾಲಂ ಮಾಡಿದೆ. ಪ್ರಯೋಗದ ವರದಿಯಲ್ಲಿ ಕಾರಣ ಬರೆಯದ ಮಕ್ಕಳಿಗೆ ನಾನು ಅರ್ಧ ಅಂಕ ಕತ್ತರಿಸುತ್ತೇನೆ. ನನಗೂ ಅದೇ ನಿಯಮ.

ಸಲಹೆಗಳಿಗೆ ನಮ್ಮ ಸ್ಟಾಫ್ ರೂಮಿನಲ್ಲಿ ಯಾವತ್ತೂ ಬರವಿಲ್ಲ. ಡ್ರಾಯಿಂಗ್ ಮೇಷ್ಟ್ರು ನಂದಿಬಟ್ಟಲು ಹೂವು ಅಂದರು. ಹಿಂದಿ ಮೇಡಮ್ಮು ಅರಿಶಿನ, ಗಂಧ ಅಂದರು. ಪಿ.ಟಿ. ಮೇಷ್ಟ್ರು, "ಮನಸ್ಸು ಗಟ್ಟಿ ಮಾಡ್ಕೊಳ್ಳಿ ಸಾರ್, ಎಲ್ಲ ಹೋಯ್ತದೆ" ಅಂದರು. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡಿದೆ. ಅರಿಶಿನ ಗಂಧ ಹಚ್ಚಿ ತೊಳೆದರೂ ಬಣ್ಣ ಹೋಗದೆ, ಎಂಟನೇ ತರಗತಿಗೆ ಹಳದಿ ಕನ್ನಡಕ ಹಾಕಿಕೊಂಡವನಂತೆ ಕಾಣಿಸಿಕೊಂಡೆ. ಹರಳೆಣ್ಣೆ ಹಚ್ಚಿದ ದಿನ ತಂಪಾಯಿತೇನೋ ನಿಜ, ಆದರೆ ಹಾರಿ ಹೋಗಬೇಕಾದ ಸುಂಕೆಲ್ಲ ಎಣ್ಣೆಗೆ ಅಂಟಿಕೊಂಡು ರೆಪ್ಪೆಯ ಮೇಲೇ ಮನೆ ಮಾಡಿತು. ಸೌತೆಕಾಯಿ ಬಿಲ್ಲೆ ಇಟ್ಟುಕೊಂಡು ಮಲಗಿದ್ದಾಗ ಬಾಡಿಗೆ ಮನೆಯ ಓನರ್ ಬಂದವರು, ಪಾಪ, ಏನೂ ಕೇಳದೆ ವಾಪಸ್ಸು ಹೋದರು. ಹೀಗೆ ಹನ್ನೊಂದು ಪ್ರಯೋಗಗಳಾದವು. ಪ್ರತಿ ಸಲವೂ ಮುಖ ತೊಳೆದು, ಬಿಸಿಲಲ್ಲಿ ಒಣಗಿದ ಗರಿಗರಿ ಟವೆಲಿನಿಂದ ಚೆನ್ನಾಗಿ ಒರೆಸಿಕೊಳ್ಳುತ್ತಿದ್ದೆ. ಟವೆಲನ್ನು ಬಿಸಿಲಲ್ಲೇ ಒಣಗಿಸಬೇಕು, ಬಿಸಿಲಿಗೆ ಕ್ರಿಮಿ ಸಾಯುತ್ತವೆ ಎಂಬುದು ನಾನು ಮನೆಯಲ್ಲಿ ಜಾರಿಗೆ ತಂದಿದ್ದ ಕಾನೂನು.

ಒಂದು ಸಂಜೆ ಸುಮಿತ್ರಾ ನನ್ನ ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆವರೆಗೆ ಓದಿದಳು. ಆಮೇಲೆ ಹೊರಗೆ ಹೋಗಿ ಕಾಂಪೌಂಡಿನ ಮೇಲಿದ್ದ ಟವೆಲು ತಂದು ನನ್ನ ಎದುರಿಗೇ ಒಂದು ಸಲ ಕೊಡವಿದಳು. ದೀಪದ ಬೆಳಕಲ್ಲಿ ಸುಂಕು ಮೋಡದಂತೆ ಎದ್ದಿತು. "ಕಣದ ಕಡೆಗೇ ಟವೆಲು ಒಣಗಿಸಿ, ಅದ್ರಲ್ಲೇ ಕಣ್ಣು ಉಜ್ಕೊಂಡು, ಪುಸ್ತಕ ಬೇರೆ ಬರೀತಾ ಕೂತಿದೀರಲ್ರೀ" ಅಂದಳು. ಕಾರಣದ ಕಾಲಮ್ಮಿನಲ್ಲಿ ನಾನು ಗಾಳಿ, ಹವಾಮಾನ, ವಯಸ್ಸು, ವರ್ಗಾವಣೆ ಎಲ್ಲವನ್ನೂ ಬರೆದಿದ್ದೆ. ಟವೆಲು ಇರಲಿಲ್ಲ. ಅವತ್ತಿನಿಂದ ಟವೆಲು ಒಳಗಡೆ ಒಣಗಿತು, ನಾನು ಉಜ್ಜುವುದನ್ನು ಬಿಟ್ಟೆ, ನಾಲ್ಕೇ ದಿನಕ್ಕೆ ಕೆಂಪು ಇಳಿಯಿತು. ಶನಿವಾರ ಕನ್ನಡಿಯಲ್ಲಿ ನೋಡಿಕೊಂಡೆ. ಒಂದು ಹನಿ ನೀರಿಲ್ಲ, ಅಪ್ಪಟ ಕಲ್ಲು. ನಿಶ್ಚಿಂತನಾದೆ.

ಭಾನುವಾರ ಸುಮಿತ್ರಾಳನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಹೊರಟೆ. ಪ್ರತಿ ವರ್ಷ ಬಸ್ಸಿನಲ್ಲಿ ಹೋಗುತ್ತಿದ್ದವನಿಗೆ ಒಂದು ವಿಷಯ ಹೊಳೆದಿರಲಿಲ್ಲ. ನಮ್ಮ ಕಡೆ ಮಿಷನ್ನಿಗೆ ಕಾಯದವರು ರಾಗಿ ತೆನೆಯನ್ನು ರಸ್ತೆಗೇ ಹರಡಿಬಿಡುತ್ತಾರೆ. ಹೋಗಿ ಬರುವ ಗಾಡಿಗಳೇ ಒಕ್ಕಿ ಕೊಡಬೇಕು. ಕಣ್ಣಿಗೆ ಕಾಣುವಷ್ಟು ದೂರಕ್ಕೂ ರಾಗಿ. ಎದುರಿಗೆ ಲಾರಿ ಬಂತು, ಹಿಂದೆಯೇ ಬಸ್ಸು ಬಂತು. ರಸ್ತೆ ಬದಿಯಲ್ಲಿ ಮೊರ ಹಿಡಿದು ನಿಂತಿದ್ದ ಹೆಂಗಸೊಬ್ಬಳು, "ಸಾರ್, ಇನ್ನೊಂಚೂರು ಈ ಪಕ್ಕ ಹತ್ಸಿ, ಈ ಕಡೆ ತುಳ್ದೇ ಇಲ್ಲ" ಎಂದು ನನ್ನಿಂದಲೂ ಕೆಲಸ ತೆಗೆದಳು. ಬುಕ್ಕಾಂಬುಧಿ ಕೆರೆ ಏರಿ ಹತ್ತುವ ಹೊತ್ತಿಗೆ ಕಣ್ಣಲ್ಲಿ ನೀರು ತುಂಬಿ ಕೆರೆಯೂ ಆಕಾಶವೂ ಒಂದೇ ಆಗಿ ಕಾಣುತ್ತಿದ್ದವು.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನನ್ನ ಮುಖ ನೋಡಿದವಳು ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟಳು. "ಏನೋ ಇದು ಕಣ್ಣು?" ಎಂದಳು. ನಾಲ್ಕು ವರ್ಷದ ಮೇಲೆ ನನಗೇ ಆಡಿದ ಮೊದಲ ಮಾತು. ಸುಮ್ಮನಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಆದರೂ ಬಾಯಿ ಬಿಟ್ಟೆ. "ಅತ್ತಿದ್ದಲ್ಲ ಅಕ್ಕ. ರಾಗಿ ಸುಂಕು."

"ಅಷ್ಟೂ ಗೊತ್ತಾಗಲ್ವೇನೋ ನಂಗೆ? ಅವ್ವಂಗೂ ಥೇಟ್ ಹಿಂಗೇ ಆಗ್ತಿತ್ತು. ಒಕ್ಕಣೆ ಬಂತು ಅಂದ್ರೆ ಕಣ್ಣು ಸುತ್ತ ಕೆಂಪಗೆ ಸುಲಿದು ಹೋಗೋದು. ನೀನು ತರೀಕೆರೆ ಹಾಸ್ಟೆಲ್‌ನಾಗಿದ್ದೆ, ನಿಂಗೆಲ್ಲಿ ಗೊತ್ತು" ಅಂದಳು. ನನ್ನ ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋಗಿ ಚಾಪೆ ಮೇಲೆ ಮಲಗಿಸಿದಳು. ಪೆಟ್ಟಿಗೆಯಿಂದ ಸವೆದು ಮೆತ್ತಗಾಗಿದ್ದ ಹಸಿರು ಸೀರೆಯ ತುಂಡೊಂದನ್ನು ತೆಗೆದು, ಮಡಕೆಯ ನೀರಲ್ಲಿ ಅದ್ದಿ, ಹಿಂಡಿ, ಕಣ್ಣಿನ ಮೇಲೆ ಇಟ್ಟಳು. "ಅವ್ವನ ಸೀರೆನೇ. ಉಜ್ಜಬೇಡ, ಒತ್ತಬೇಡ, ಸುಮ್ನೆ ಇರ್ಲಿ ಅನ್ನೋಳು."

ಎಷ್ಟು ಹಾಯೆನಿಸಿತು ಎಂದು ಹೇಳಲಾರೆ. ಉರಿ ಇಳಿಯಿತು. ಆ ಬಟ್ಟೆಯ ಕೆಳಗೆ ಕತ್ತಲಲ್ಲಿ ನಾನು ಅವ್ವನನ್ನು ನೆನೆಸಿಕೊಂಡೆ. ಕಣ್ಣು ಸುಲಿದುಹೋಗುವ ಕಾಲದಲ್ಲೂ ಅವಳು ಒಕ್ಕಿದ ಆ ರಾಗಿಯ ಹಿಟ್ಟೇ ನನ್ನ ಹಾಸ್ಟೆಲ್ಲಿಗೆ ಬರುತ್ತಿತ್ತು. ನಾನು ಒಂದು ಸಲವೂ ಅವಳ ಕಣ್ಣು ನೋಡಿರಲಿಲ್ಲ. ಕಣ್ಣೀರು ಎರಡೂ ಕಡೆ ಇಳಿದು ಕಿವಿಗೆ ಹೋಯಿತು.

"ಇನ್ನೂ ನೀರು ಬತ್ತೈತೇನೋ?" ಅಂದಳು ಅಕ್ಕ.

"ಹೂಂ. ಸುಂಕು" ಅಂದೆ.

ಅವಳು ಬಟ್ಟೆ ತೆಗೆದು, ನನ್ನ ಮುಖ ನೋಡದ ಹಾಗೆ ಆ ಕಡೆ ತಿರುಗಿ ಅದ್ದಿ, ಮತ್ತೆ ಇಟ್ಟಳು. "ಇರ್ಲಿ ಬಿಡು. ಎಲ್ಲಾ ಹೋಗ್ಲಿ. ಎಡೆಗೆ ಇನ್ನೂ ಹೊತ್ತೈತೆ" ಅಂದಳು.

ಮರುದಿನ ಸ್ಟಾಫ್ ರೂಮಿನಲ್ಲಿ ಕೂತು ನೋಟ್‌ಬುಕ್ಕು ತೆಗೆದೆ. ಹನ್ನೆರಡನೇ ಪ್ರಯೋಗ: ಒದ್ದೆ ಬಟ್ಟೆ. ಉರಿ: ಪೂರ್ತಿ ಇಳಿದಿದೆ. ಕಣ್ಣೀರು: ಹೆಚ್ಚಾಗಿದೆ. ಕಾರಣದ ಕಾಲಮ್ಮಿಗೆ ಬಂದು ಪೆನ್ನು ಸ್ವಲ್ಪ ತಡೆಯಿತು. ಆಮೇಲೆ ದುಂಡಗಿನ ಅಕ್ಷರದಲ್ಲಿ 'ರಾಗಿ ಸುಂಕು' ಎಂದು ಬರೆದು, ನನಗೆ ನಾನೇ ಪೂರ್ತಿ ಅಂಕ ಕೊಟ್ಟುಕೊಂಡೆ.